ಅಪ್ಪ ಬೆಸೆದ ಫ್ಲೋಟ್

"ಮೊದಲು ಆ ಕಾರ್ಬುರೇಟರ್ ಕಿತ್ತು ಹಾಕಿ. ಆಮೇಲೆ ಟರ್ಬೊ ಮಾತು."

ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೀಗೆಂದವನನ್ನು ಅವಳು ಬಾನೆಟ್ಟಿನ ಅಡಿಯಿಂದ ತಲೆಯೆತ್ತಿ ನೋಡಿದಳು. ಮುಖ ನೋಡಿದರೆ ಸಾಧು, ಮಾತು ಮಾತ್ರ ಸೊಕ್ಕಿನದು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದರಲ್ಲಿ ಅವಳನ್ನು ಮೀರಿಸಿದವರೆಂದರೆ ಅವಳ ಅಪ್ಪ ಒಬ್ಬರೇ. ಅಂಥವಳ ಗ್ಯಾರೇಜಿಗೆ ಬಂದು ಇಂಥ ಮಾತೇ?

"ಮೊದಲು ನೀವು ಬಾಗಿಲು ಬಿಟ್ಟು ಆಚೆ ನಡೀರಿ," ಎಂದಳು.

ಒಳಗೆ ಕೂತಿದ್ದ ಅಪ್ಪ ನಕ್ಕುಬಿಟ್ಟರು. ನಲವತ್ತು ವರ್ಷದಿಂದ ಮಗುವಿನಂತೆ ಸಾಕಿದ ಹಳೆಯ ಕಾರು ಒಮ್ಮೆಯಾದರೂ ಗುಡ್ಡವನ್ನು ಗತ್ತಿನಿಂದ ಹತ್ತಬೇಕೆಂಬುದು ಅವರ ಆಸೆ. ಗಾಳಿ ಒತ್ತಿ ಇಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕೂರಿಸಲು ಈ ಕೆಲಸಗಾರನನ್ನು ಕರೆಸಿದ್ದೂ ಅವರೇ. ಕಾರ್ಬುರೇಟರ್ ಇದ್ದಲ್ಲೇ ಇರಲಿ, ಟರ್ಬೊ ಅದರೊಳಕ್ಕೆ ಗಾಳಿ ಊದಲಿ ಎಂದು ಷರತ್ತು ಹಾಕಿದರು. ಕಾರು ನಿಲ್ಲದೆ ಗುಡ್ಡದ ತುದಿ ಮುಟ್ಟಿದರೆ ಅವನು ಗ್ಯಾರೇಜಿನಲ್ಲಿ ಪಾಲುದಾರ. ಮುಟ್ಟದಿದ್ದರೆ ಟರ್ಬೊ ಬಿಚ್ಚಿಕೊಂಡು ಬಂದ ದಾರಿ ಹಿಡಿಯಬೇಕು.

ಅವನು ಒಪ್ಪಿದ. ಮೊದಲ ತಿಂಗಳು ಇಬ್ಬರೂ ಹಾವು ಮುಂಗುಸಿ. ಟರ್ಬೊ ಗಾಳಿಯನ್ನು ಒತ್ತಿ ತಳ್ಳುವಾಗ ಪಂಪು ಪೆಟ್ರೋಲನ್ನು ಅದಕ್ಕಿಂತ ಜೋರಾಗಿ ಒತ್ತಬೇಕು. ಎಷ್ಟು ಜೋರು ಎಂಬುದಕ್ಕೇ ಒಂದು ವಾರ ಜಗಳ ನಡೆಯಿತು. ಕೊನೆಗೆ ಅವಳು ಹೇಳಿದ ಅಳತೆಗೇ, ಆ ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರನ್ನು ನಿಲ್ಲಿಸಿದರು. ಅವಳು ಅದರ ತಿರುಪಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದು, ಇದನ್ನು ಮುಟ್ಟಕೂಡದೆಂದು ತಾಕೀತು ಮಾಡಿದಳು. ಅವನು ಮಾತು ಕೊಟ್ಟ.

ಎರಡನೇ ತಿಂಗಳಿಗೆ ಅವಳ ಕಿವಿ ಅವನ ಬೈಕಿನ ಸದ್ದಿಗೆ ಕಾಯತೊಡಗಿತು.

ಛೆ, ಇದೇನು ನನಗೆ... ಎಂದು ತನ್ನನ್ನೇ ಗದರಿಕೊಂಡಳು. ಪ್ರಯೋಜನವಾಗಲಿಲ್ಲ, ಪ್ರೀತಿ ಆಗಿಬಿಟ್ಟಿತ್ತು. ಗುಡ್ಡ ಹತ್ತಿದ ಮೇಲೆ ಹೇಳೋಣವೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಗುಡ್ಡ ಹತ್ತುವ ದಿನ ಬೆಳಿಗ್ಗೆ ಸ್ಟೀರಿಂಗ್ ಅವಳ ಕೈಯಲ್ಲಿ, ಪಕ್ಕದಲ್ಲಿ ಅವನು, ಹಿಂದೆ ಅಪ್ಪ. ಮೊದಲ ತಿರುವು, ಎರಡನೆಯದು... ಟರ್ಬೊ ಸಿಳ್ಳೆ ಹಾಕಿತು. ಒತ್ತಡ ತೋರಿಸುವ ಮುಳ್ಳು ಮೇಲೇರಿತು, ಬೆನ್ನು ಸೀಟಿಗೆ ಅಂಟಿತು. ಹಿಂದೆ ಅಪ್ಪ ಚಿಕ್ಕ ಹುಡುಗನಂತೆ ನಕ್ಕರು.

"ನಿಧಾನ," ಎಂದ ಅವನು. ಹಣೆಯಲ್ಲಿ ಬೆವರಿತ್ತು.

ಇವನಿಗೇಕೆ ಭಯ? ಅವಳು ಕಾಲನ್ನು ಇನ್ನೂ ಒತ್ತಿದಳು. ಐದನೇ ತಿರುವಿನಲ್ಲಿ ಇಂಜಿನ್ ಮುಗ್ಗರಿಸಿತು, ಕೆಮ್ಮಿತು. ಕನ್ನಡಿಯಲ್ಲಿ ಕಪ್ಪು ಹೊಗೆ, ಒಳಗೆಲ್ಲ ಪೆಟ್ರೋಲ್ ವಾಸನೆ. ಏನಾಯಿತೆಂದು ಅವಳು ಯೋಚಿಸುವಷ್ಟರಲ್ಲಿ ಅವನು ಬೆಂಕಿ ಹತ್ತೀತೆಂದು ಕೈಚಾಚಿ ಕೀ ತಿರುಗಿಸಿ ಇಂಜಿನ್ ಆರಿಸಿಬಿಟ್ಟ. ತುದಿಗೆ ಇನ್ನು ಎರಡೇ ತಿರುವು ಉಳಿದಿತ್ತು.

"ಪೆಟ್ರೋಲ್ ಒತ್ತಡ ಏರಿಸಿದ್ರಿ ಅಲ್ವಾ?" ಅವಳು ಅವನತ್ತ ತಿರುಗಿದಳು. "ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ ನಿಮಗೆ."

ಅವನು ಹಿಂದಿನ ಸೀಟಿನತ್ತ ಒಮ್ಮೆ ನೋಡಿದ. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ನಾಳೆ ಬಂದು ಟರ್ಬೊ ಬಿಚ್ಚಿಕೊಂಡು ಹೋಗುತ್ತೇನೆ ಎಂದಷ್ಟೇ ಹೇಳಿ ಇಳಿದು ನಡೆದ. ಏರಿಸಿಲ್ಲ ಎಂಬ ಒಂದು ಮಾತೂ ಬರಲಿಲ್ಲ.

ಮೋಸಗಾರ... ಇವನಿಗಾಗಿಯೇ ನಾನು ಇಷ್ಟು ದಿನ ಹಂಬಲಿಸಿದೆನೇ? ಅವಳಿಗೆ ಅಳು ಉಕ್ಕಿ ಬಂತು.

ಕಾರನ್ನು ಗ್ಯಾರೇಜಿಗೆ ಎಳೆಸಿ ತಂದ ಮೇಲೆ ಮೊದಲು ನೋಡಿದ್ದು ರೆಗ್ಯುಲೇಟರನ್ನು. ಕೆಂಪು ಗೆರೆ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅವನು ಮಾತು ತಪ್ಪಿರಲಿಲ್ಲ.

ಗಡಿಬಿಡಿಯಲ್ಲಿ ಕಾರ್ಬುರೇಟರಿನ ಮುಚ್ಚಳ ತೆಗೆದಳು. ಪೆಟ್ರೋಲಿನ ಮೇಲೆ ತೇಲುತ್ತ, ಸಾಕಾದಾಗ ಒಳಹರಿವನ್ನು ತಡೆಯಬೇಕಾದ ಹಿತ್ತಾಳೆಯ ಟೊಳ್ಳು ಫ್ಲೋಟ್, ತುಳಿದ ಡಬ್ಬಿಯಂತೆ ಅಪ್ಪಚ್ಚಿಯಾಗಿ ಮುಳುಗಿತ್ತು. ಟರ್ಬೊದ ಗಾಳಿಯೇ ಅದನ್ನು ಹಿಂಡಿತ್ತು. ಅಪ್ಪ ಹರೆಯದಲ್ಲಿ ಕೈಯಾರೆ ಬೆಸೆದ ಫ್ಲೋಟ್ ಅದು.

"ಅವನು ಮೊದಲೇ ಹೇಳಿದ್ದ." ಅಪ್ಪ ಹಿಂದೆ ಬಂದು ನಿಂತಿದ್ದರು. "ಟೊಳ್ಳು ತಡೆಯಲ್ಲ, ಗಟ್ಟಿ ಫ್ಲೋಟ್ ಹಾಕೋಣ ಅಂದ. ನನ್ನ ಬೆಸುಗೆಯಲ್ಲಿ ಹುಳುಕು ಹುಡುಕ್ತೀಯಾ ಅಂತ ನಾನೇ ಬೈದೆ. ನಿನಗೆ ಹೇಳಬೇಡ ಅಂತಾನೂ ಮಾತು ತಗೊಂಡೆ. ಇವತ್ತು ಬಾಯಿ ಬಿಡಬೇಕಾದವನು ನಾನು ಮಗಳೇ... ನಾಚಿಕೆ ಆಯ್ತು."

ಅಪ್ಪನ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾಯಿತು. ನಾಳೆ ಅವನು ಹೋಗಿಬಿಟ್ಟರೆ?

ಮರುದಿನ ಅವನು ಹೇಳಿದಂತೆಯೇ ಬಂದು ಟರ್ಬೊದ ನಟ್ಟುಗಳನ್ನು ಸಡಿಲಿಸತೊಡಗಿದ. ನಾಲ್ಕರಲ್ಲಿ ಮೂರು ಬಿಚ್ಚಿ ಆಗಿತ್ತು. ಅವಳು ಹೋಗಿ ನಾಲ್ಕನೆಯದರ ಮೇಲೆ ಕೈಯಿಟ್ಟಳು.

ಅಪ್ಪ ಎಲ್ಲ ಹೇಳಿದರೆಂದಳು, ತಪ್ಪಾಯಿತೆಂದಳು. ಆದರೆ ಫ್ಲೋಟ್ ವಿಷಯ ತನಗೆ ಹೇಳಬೇಕಿತ್ತು, ಮೂವರ ಜೀವದ ಮಾತಲ್ಲವೇ ಎಂದು ದಬಾಯಿಸಿದಳು ಕೂಡ.

"ಹೇಳಬೇಕಿತ್ತು," ಎಂದು ಅವನು ಒಪ್ಪಿಕೊಂಡ. "ದೊಡ್ಡವರಿಗೆ ಮಾತು ಕೊಟ್ಟೆ ಅಂತ ಸುಮ್ನಾದೆ. ಆಮೇಲೆ ಮಗಳ ಎದುರು ಅವರ ತಲೆ ತಗ್ಗಿಸೋಕೆ ಮನಸ್ಸು ಬರ್ಲಿಲ್ಲ. ಏನೇ ಆದ್ರೂ ಗುಡ್ಡ ಹತ್ತಲಿಲ್ಲ... ಷರತ್ತು ಷರತ್ತೇ."

"ಆ ಷರತ್ತು ಅಪ್ಪಂದು." ಅವಳು ನಟ್ಟಿನ ಮೇಲಿಂದ ಕೈ ತೆಗೆಯಲಿಲ್ಲ. "ನಂದು ಯಾವ ಷರತ್ತೂ ಇಲ್ಲ. ಕಾರು ಹತ್ತಲಿ ಬಿಡಲಿ... ನನಗೆ ನೀವು ಬೇಕು."

ಅವನು ಸ್ಪ್ಯಾನರ್ ಕೆಳಗಿಟ್ಟ. ಗ್ರೀಸ್ ಮೆತ್ತಿದ ಅವನ ಕೈ ಅವಳ ಕೈಯ ಮೇಲೆ ಬಂದು ಕೂತಿತು.

"ನನಗೆ ಕಾರ್ಬುರೇಟರಿನ ಗಂಧಗಾಳಿ ಗೊತ್ತಿಲ್ಲ ಅಂತ ಎಲ್ಲರ ಹತ್ರ ಹೇಳ್ತೀರಂತೆ," ಎಂದ ಅವನು.

"ನಿಜ ತಾನೇ? ಕಲಿಸ್ತೀನಿ ಬಿಡಿ."

"ಎಷ್ಟು ದಿನ ಬೇಕಾಗುತ್ತೆ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಬೇಗ ಕಲೀಬೇಡಿ. ಅಷ್ಟು ಮಾಡಿದ್ರೆ ಸಾಕು."