ಬಿಳಿ ಬೇಸಿನ್ನಿನ ಚೋಯಾ ಮೊಗ್ಗು

ಅಜ್ಜಿಗೆ ಕಣ್ಣು ಕಾಣಿಸುತ್ತಿಲ್ಲವೇ? ನಿಜವಾಗಿಯೂ? ಅಥವಾ ಇದೊಂದು ಮಾತ್ರ ಹೇಗೋ ಕೈತಪ್ಪಿ ಉಳಿದುಕೊಂಡಿತೇ?

ಮೆಲ್ಡಾ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಉಗುರಿನ ಪಕ್ಕದಲ್ಲಿ ಒಂದು ಮುಳ್ಳು ನೆಟ್ಟಗೆ ನಿಂತಿತ್ತು. ಕೂದಲಿಗಿಂತ ಸಣ್ಣದು, ಒಣಹುಲ್ಲಿನ ಬಣ್ಣದ್ದು. ಹಲ್ಲಿನಲ್ಲಿ ಕಚ್ಚಿ ಎಳೆದು ಉಗುಳಿದಳು.

ಅದು ಚುಚ್ಚಿದ್ದು ಬಿಳಿ ಬೇಸಿನ್ನಿನೊಳಗೆ ಕೈಯಿಟ್ಟಾಗ. ಬೇಸಿನ್ನು ಇದ್ದದ್ದು ಅಜ್ಜಿಯ ಜರಡಿಯ ಪಕ್ಕದಲ್ಲಿ. ಅದರಲ್ಲಿದ್ದದ್ದೂ ಅಜ್ಜಿ ಉಜ್ಜಿಟ್ಟದ್ದೇ. ಅಜ್ಜಿ ನೀರು ಕುಡಿಯಲು ಒಳಗೆ ಹೋಗಿದ್ದಳು.

ಮರುಭೂಮಿಯ ಚೋಯಾ ಕಳ್ಳಿಯ ಮೊಗ್ಗಿಗೆ ಮೈತುಂಬ ಮುಳ್ಳು. ಜರಡಿಗೆ ಸುರಿದು, ಗ್ರೀಸ್‌ವುಡ್ ಪೊದೆಯ ಕಡ್ಡಿಗಳ ಪೊರಕೆಯಿಂದ ಆಚೆಗೂ ಈಚೆಗೂ ಉರುಳಿಸುತ್ತ ಉಜ್ಜಿದರೆ ಮುಳ್ಳು ಮುರಿದು ಕೆಳಗೆ ಉದುರುತ್ತದೆ. ಊರಿನಲ್ಲಿ ಈ ಕೆಲಸಕ್ಕೆ ಅಜ್ಜಿಯದೇ ಹೆಸರು. "ಫಿಲಮೀನಾ ಉಜ್ಜಿದ್ದಾ? ಹಾಗಾದ್ರೆ ಯೋಚ್ನೆ ಇಲ್ದೆ ಬಾಯಿಗೆ ಹಾಕ್ಕೋಬಹುದು" ಎನ್ನುತ್ತಿದ್ದರು ಎಲ್ಲರೂ.

ಮೆಲ್ಡಾ ಬೇಸಿನ್ನಿನಿಂದ ಇನ್ನೊಂದನ್ನು ತೆಗೆದಳು. ಅದಕ್ಕೂ ಮುಳ್ಳು. ಮತ್ತೊಂದು. ಅದಕ್ಕೂ.

ಎಲ್ಲವನ್ನೂ ಹಾಗೇ ಬೇಸಿನ್ನಿಗೆ ವಾಪಸ್ ಹಾಕಿದಳು.

ನಿನ್ನೆ ಸಂಜೆ ವರ್ಲೀನ್ ದೊಡ್ಡಮ್ಮ ಅವಳನ್ನು ಮನೆಯ ಹಿಂದಕ್ಕೆ ಕರೆದಿದ್ದಳು.

"ಲೇ ಮೆಲ್ಡಾ, ಅಜ್ಜಿ ಇವತ್ತು ನೀರಿನ ಕ್ಯಾನನ್ನ ನೋಡಿ 'ಹಚಾ, ಆಚೆ ಹೋಗು' ಅಂದ್ಲು ಕಣೇ. ನಾಯಿ ಅಂದ್ಕೊಂಡು."

ಮೆಲ್ಡಾಗೆ ನಗು ಬಂದಿತ್ತು. ದೊಡ್ಡಮ್ಮ ನಗಲಿಲ್ಲ.

"ನಾಳೆ ಅವಳ ಪಕ್ಕದಲ್ಲೇ ಕೂತು ನೋಡ್ತಿರು. ಮುಳ್ಳು ಉಳ್ಸಿದ್ರೆ ನಂಗೆ ಹೇಳು. ನಾಡಿದ್ದು ಹಬ್ಬದ ಮನೇಲಿ ಊರಿಗೆ ಊರೇ ಊಟಕ್ಕೆ ಕೂರುತ್ತೆ. ಯಾರ ಗಂಟಲಿಗಾದ್ರೂ ಚುಚ್ಚಿದ್ರೆ? ಕಣ್ಣು ಆಗಲ್ಲ ಅಂದ್ರೆ ಮುಂದಿನ ವರ್ಷದಿಂದ ಜರಡಿ ನಾನೇ ಹಿಡೀತೀನಿ. ಅವಳು ಆರಾಮಾಗಿ ನೆರಳಲ್ಲಿ ಕೂತಿರಲಿ."

"ಹೂಂ" ಎಂದುಬಿಟ್ಟಿದ್ದಳು ಮೆಲ್ಡಾ.

ಆದರೆ ಅಜ್ಜಿ ಆರಾಮಾಗಿ ಕೂತದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಜರಡಿ ಇಲ್ಲದೆ ಆ ಕೈಗಳು ಏನು ಮಾಡುತ್ತವೆ? ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತವೆಯೇ?

"ಏಯ್, ಏನೇ ಕದೀತಿದೀಯಾ?"

ಡರೆಲ್ ಅಣ್ಣ. ದೊಡ್ಡಮ್ಮನ ಮಗ, ಅವಳಿಗಿಂತ ಎರಡು ಕ್ಲಾಸ್ ಮುಂದೆ. ಚಪ್ಪರದ ಕಂಬಕ್ಕೆ ಒರಗಿ, ಪ್ಯಾಂಟಿನ ಹಿಂಭಾಗಕ್ಕೆ ಅಂಟಿದ್ದ ಕಳ್ಳಿಯ ಗೆಣ್ಣನ್ನು ಬಾಚಣಿಗೆಯಿಂದ ಕಿತ್ತು ಎಸೆಯಲು ಒದ್ದಾಡುತ್ತಿದ್ದ. ಬೆಳಗ್ಗೆ 'ಜಿಗಿಯುವ ಚೋಯಾ' ಎಂಬ ಇನ್ನೊಂದು ಜಾತಿಯ ಕಳ್ಳಿಯ ಹತ್ತಿರ ಬಗ್ಗಿದ್ದರ ಫಲ. ಆ ಗಿಡವೇನೂ ಜಿಗಿಯುವುದಿಲ್ಲ. ತಾಗಿದರೆ ಸಾಕು, ಗೆಣ್ಣು ಕಳಚಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ತಾಗಿದವರು ಜಿಗಿಯುತ್ತಾರೆ.

"ನಾನೇನೂ ಕದೀತಿಲ್ಲ. ನಿನ್ನ ಬಾಲ ಮೊದಲು ಬಿಡಿಸ್ಕೋ."

"ನನ್ನ ಬಕೆಟ್ ಫಸ್ಟ್ ತುಂಬಿದ್ದು, ನೆನಪಿದ್ಯಾ?"

"ಸುಳ್ಳು! ನಂದು ಫಸ್ಟ್!"

ಇಬ್ಬರ ಬಕೆಟ್‌ನಲ್ಲಿ ಯಾರದು ಮೊದಲು ತುಂಬಿತು ಎಂಬುದಕ್ಕೆ ಬೆಳಗಿನಿಂದ ಜಗಳ ನಡೆದೇ ಇತ್ತು. ಮೆಲ್ಡಾಗೆ ಮೊಗ್ಗು ಕೀಳಲು ಸ್ವಂತ ಇಕ್ಕಳ ಸಿಕ್ಕಿದ್ದು ಇದೇ ವರ್ಷ. ಸೂರ್ಯ ಬಾಬೋಕಿವರಿ ಬೆಟ್ಟದ ಮೇಲೆ ಬರುವ ಮೊದಲೇ ಎಲ್ಲರೂ ಹಳ್ಳದ ದಂಡೆಗೆ ಹೋಗಿದ್ದರು. ಅಲ್ಲಿ ಚೋಯಾ ಗಿಡಗಳು ಜಿಂಕೆಯ ಕೊಂಬಿನ ಹಾಗೆ ಕವಲು ಕವಲಾಗಿ ನಿಂತಿದ್ದವು. ಒಂದು ಗಿಡದಲ್ಲಿ ಕೆಂಪು ಹೂ. ಪಕ್ಕದ್ದರಲ್ಲಿ ಹಳದಿ. ಅದರಾಚೆಯದರಲ್ಲಿ ತುಕ್ಕಿನ ಬಣ್ಣ. ಜಾತಿ ಒಂದೇ, ಬಣ್ಣ ಮಾತ್ರ ಗಿಡಕ್ಕೊಂದು. ಕೆಂಪು ಹೂವಿನ ಗಿಡದ ಮೊಗ್ಗು ಖಾರ ಇರುತ್ತೆ ಎಂದು ಡರೆಲ್ ಅವಳನ್ನು ಮೂರು ವರ್ಷ ನಂಬಿಸಿದ್ದ.

ಅಜ್ಜಿ ಮೊದಲ ಗಿಡದ ಮುಂದೆ ನಿಂತು, ನೆರೆಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದ್ದಳು. "ಬಂದ್ವಮ್ಮಾ. ಸ್ವಲ್ಪ ತಗೊಂಡು ಹೋಗ್ತೀವಿ. ಜೇನಿಗೂ ಹಕ್ಕಿಗೂ ಬಿಟ್ಟೇ ಹೋಗ್ತೀವಿ." ಆಮೇಲೆ ಮೆಲ್ಡಾ ಕಡೆಗೆ ತಿರುಗಿ ಏನೋ ತೋರಿಸಿದ್ದಳು. ಅಷ್ಟರಲ್ಲಿ ಡರೆಲ್ ರೇಸ್ ಶುರು ಮಾಡಿಯಾಗಿತ್ತು.

ಒಳಗಿನಿಂದ ದೊಡ್ಡಮ್ಮನ ದನಿ ಬಂತು. "ಮೆಲ್ಡಾ! ಹೇಗೆ ನಡೀತಿದೆ?"

ಹೇಳಿದರೆ ಅಜ್ಜಿಯ ಜರಡಿ ಹೋಗುತ್ತದೆ. ಹೇಳದಿದ್ದರೆ ನಾಳೆ ಯಾರದೋ ನಾಲಿಗೆಗೆ ಮುಳ್ಳು.

"ಚೆನ್ನಾಗಿದೆ ದೊಡ್ಡಮ್ಮಾ!" ಎಂದು ಕೂಗಿದಳು.

ಕೂಗಿದ ಮೇಲೆ ಮಾಡಲು ಒಂದೇ ಕೆಲಸ ಉಳಿದಿತ್ತು. ಬಿಳಿ ಬೇಸಿನ್ನನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ತನ್ನ ಚಿಕ್ಕ ಜರಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವಳು ಮೆಸ್ಕೀಟ್ ಮರದ ಹಿಂದಕ್ಕೆ ನಡೆದಳು. ಯಾರಿಗೂ ಕಾಣದ ಹಾಗೆ ಇವನ್ನು ಮತ್ತೆ ಉಜ್ಜಿ, ಮೊದಲಿದ್ದ ಜಾಗದಲ್ಲೇ ಇಟ್ಟುಬಿಟ್ಟರಾಯಿತು. ಅಜ್ಜಿಗೂ ಗೊತ್ತಾಗುವುದಿಲ್ಲ, ದೊಡ್ಡಮ್ಮನಿಗೂ ಗೊತ್ತಾಗುವುದಿಲ್ಲ.

ಜರಡಿಗೆ ಸುರಿದಳು. ಪೊರಕೆಯಿಂದ ಉಜ್ಜಿದಳು. ಎಡಕ್ಕೆ, ಬಲಕ್ಕೆ, ಸುತ್ತಲೂ.

ಮುಳ್ಳು ಹೋಗಲಿಲ್ಲ.

ಇನ್ನೂ ಜೋರಾಗಿ ಉಜ್ಜಿದಳು. ಹೊರಗಿನ ಹಸಿರು ಜಜ್ಜಿಹೋಗಿ ಲೋಳೆ ಬಂತು. ಪೊರಕೆಯೆಲ್ಲ ಅಂಟು ಅಂಟು. ಮುಳ್ಳು ಮಾತ್ರ ಅಲ್ಲೇ ಕೂತಿತ್ತು, ತನ್ನ ಮನೆಯೇ ಇದು ಎನ್ನುವಂತೆ.

ಬೆಳಗ್ಗೆಯಿಂದ ಅವಳೇ ಒಂದು ರಾಶಿ ಉಜ್ಜಿದ್ದಳು. ಅವುಗಳ ಮುಳ್ಳು ಇಷ್ಟು ಹಟ ಮಾಡಿರಲಿಲ್ಲ. ಇವಕ್ಕೆ ಏನಾಗಿದೆ?

ಸಿಟ್ಟು ಬಂದು ಒಂದನ್ನು ಉಗುರಿನಿಂದ ಸೀಳಿದಳು.

ಒಳಗೆ ಏನೂ ಇರಲಿಲ್ಲ. ಬರೀ ಹಸಿರು ತಿರುಳು, ಸೌತೆಕಾಯಿಯ ಹಾಗೆ.

ಎದ್ದು ಹೋಗಿ, ಅಜ್ಜಿ ಉಜ್ಜಿ ತುಂಬಿಸಿದ್ದ ದೊಡ್ಡ ಪಾತ್ರೆಯಿಂದ ಒಂದು ಮೊಗ್ಗನ್ನು ತಂದಳು. ಅದು ಬೆರಳಿಗೆ ನುಣ್ಣಗಿತ್ತು. ಸೀಳಿದರೆ ಒಳಗೆ ಕೆಂಪು ಎಸಳುಗಳು ಒಂದರ ಮೇಲೊಂದು ಒತ್ತಾಗಿ ಮಡಚಿಕೊಂಡಿದ್ದವು, ನಡುವೆ ಹಳದಿ ಪುಡಿ. ಇನ್ನೂ ಅರಳದ ಹೂ.

ಬಿಳಿ ಬೇಸಿನ್ನಿನಿಂದ ಮತ್ತೊಂದನ್ನು ಸೀಳಿದಳು. ಹೂ ಇಲ್ಲ. ಇನ್ನೊಂದರಲ್ಲೂ ಇಲ್ಲ.

ಆಗ ಬೆಳಗ್ಗೆ ಅಜ್ಜಿ ಹೇಳಿದ್ದು, ಅರ್ಧ ಕೇಳಿ ಅರ್ಧ ಬಿಟ್ಟಿದ್ದು, ಪೂರ್ತಿಯಾಗಿ ಕಿವಿಗೆ ಬಂತು.

"ಮೊಗ್ಗು ಯಾವುದು, ಚಿಗುರು ಯಾವುದು ನೋಡ್ಕೋ ಮಗಾ. ಎರಡಕ್ಕೂ ಚಿಕ್ಕ ಚಿಕ್ಕ ಎಲೆ ಇರ್ತವೆ, ಎರಡೂ ಬೆರಳಿನ ತುದಿಯಷ್ಟೇ. ಮೊಗ್ಗಿನ ತಲೇಲಿ ಬಣ್ಣ ಇಣುಕ್ತಿರುತ್ತೆ. ಚಿಗುರಿನ ತಲೆ ಚೂಪು, ಬರೀ ಹಸಿರು. ಅದು ಹೂ ಆಗಲ್ಲ, ಗಿಡದ ಹೊಸ ಕೈ ಆಗುತ್ತೆ. ಅದರ ಮುಳ್ಳು ಎಷ್ಟು ಉಜ್ಜಿದ್ರೂ ಬರಲ್ಲ. ಅದನ್ನ ಕೀಳಬೇಡ."

ಮೆಲ್ಡಾ ಕಿತ್ತಿದ್ದಳು. ರೇಸಿನಲ್ಲಿ ತಲೆ ನೋಡಲು ಯಾರಿಗೆ ಪುರುಸೊತ್ತು? ಇಕ್ಕಳಕ್ಕೆ ಸಿಕ್ಕಿದ್ದೆಲ್ಲ ಬಕೆಟ್‌ಗೆ. ಮನೆಗೆ ಬಂದ ಮೇಲೆ ಅಜ್ಜಿ, "ನಿನ್ನ ಬಕೆಟ್ ಇಲ್ಲಿ ಕೊಡು, ನೀನು ಡರೆಲ್‌ದು ಉಜ್ಜು" ಎಂದಿದ್ದಳು. ಯಾಕೆ ಹಾಗೆ ಎಂದು ಅವಳು ಕೇಳಿರಲಿಲ್ಲ.

ಮರದ ಹಿಂದೆ ಕೂತು ಅವಳು ಬೇಸಿನ್ನನ್ನೇ ನೋಡಿದಳು. ಅದರಲ್ಲಿದ್ದದ್ದೆಲ್ಲ ಚಿಗುರೇ. ಒಂದೂ ಮೊಗ್ಗಿಲ್ಲ. ಅಜ್ಜಿಯ ದೊಡ್ಡ ಪಾತ್ರೆಗೆ ಮತ್ತೆ ಕೈ ಹಾಕಿ, ತಳದವರೆಗೂ ತಡಕಾಡಿ ನೋಡಿ ಬಂದಳು. ಅಲ್ಲಿದ್ದದ್ದೆಲ್ಲ ಮೊಗ್ಗೇ. ಒಂದೂ ಮುಳ್ಳಿಲ್ಲ.

ಅಂದರೆ ಇದು ಅಜ್ಜಿ ಉಜ್ಜಿ ಮುಗಿಸಿದ ಬೇಸಿನ್ನಲ್ಲ. ಆರಿಸಿ ಬೇರೆ ತೆಗೆದಿಟ್ಟದ್ದು. ಎಲೆಯೂ ಬಣ್ಣವೂ ಉಜ್ಜಿಹೋದ ಮೇಲೂ, ಒಂದೊಂದನ್ನೇ ಬೆರಳಲ್ಲಿ ಹಿಡಿದು, ಇದು ಮೊಗ್ಗು, ಇದು ಚಿಗುರು ಎಂದು. ಮೆಲ್ಡಾ ಪಕ್ಕದಲ್ಲೇ ಕೂತಿದ್ದಳು. ಅಜ್ಜಿ ಒಂದು ಮಾತೂ ಆಡಿರಲಿಲ್ಲ.

"ಎಲ್ಲಿ ಹೋಯ್ತು ನನ್ನ ಬಿಳಿ ಬೇಸಿನ್ನು?"

ಅಜ್ಜಿ ಚಪ್ಪರದ ಕೆಳಗೆ ಬಂದು ನಿಂತಿದ್ದಳು. ಅವಳ ಹಿಂದೆಯೇ ಬೇಯಿಸುವ ಹಂಡೆ ಹಿಡಿದು ದೊಡ್ಡಮ್ಮ. ಮೆಲ್ಡಾ ಬೇಸಿನ್ನು ತಂದು ಮೆಲ್ಲಗೆ ನೆಲಕ್ಕಿಟ್ಟಳು.

"ಇದನ್ನೂ ಹಂಡೆಗೆ ಸುರೀಲಾ?" ಎನ್ನುತ್ತ ದೊಡ್ಡಮ್ಮ ಬಗ್ಗಿ ಕೈ ಹಾಕಿದಳು. "ಅಯ್ಯಪ್ಪಾ!" ಎಂದು ಹಿಂದಕ್ಕೆ ಎಳೆದುಕೊಂಡಳು. "ಏನಮ್ಮಾ ಇದು? ತುಂಬಾ ಮುಳ್ಳು!"

ಬೆರಳನ್ನು ಬಾಯಲ್ಲಿಟ್ಟುಕೊಂಡೇ ಅವಳು ಮೆಲ್ಡಾ ಕಡೆಗೆ ನೋಡಿದಳು. ಚೆನ್ನಾಗಿದೆ ಅಂದೆಯಲ್ಲ ಎಂದು ಕೇಳುವ ನೋಟ.

"ಅದು ಬಿಸಾಕೋದು" ಎಂದಳು ಅಜ್ಜಿ. "ಮೊಗ್ಗಲ್ಲ, ಚಿಗುರು."

"ಚಿಗುರಾ? ಇಷ್ಟೊಂದಾ? ಯಾರು ಕಿತ್ತಿದ್ದು?"

ಡರೆಲ್ ಬಾಚಣಿಗೆ ಹಿಡಿದು ಹತ್ತಿರ ಬಂದ. ಅವನ ಮುಖ ಆಗಲೇ ಅರಳತೊಡಗಿತ್ತು. ವರ್ಷಪೂರ್ತಿ ಸಾಲುವಷ್ಟು ತಮಾಷೆ ಸಿಗಲಿದೆ ಎಂದು ಅವನಿಗೆ ವಾಸನೆ ಬಡಿದಿತ್ತು.

ಅಜ್ಜಿ ಕುರ್ಚಿಯಲ್ಲಿ ಕೂತು ಪೊರಕೆ ಕೈಗೆತ್ತಿಕೊಂಡಳು. "ನಾನೇ ಕಿತ್ತೆ. ಬೆಳಗಿನ ಹೊತ್ತು ನಸುಗತ್ತಲು ಇತ್ತಲ್ಲ, ಕಣ್ಣಿಗೆ ಕಾಣ್ಲಿಲ್ಲ" ಎಂದಳು. ಇವತ್ತು ಗಾಳಿ ಜಾಸ್ತಿ ಎನ್ನುವಷ್ಟೇ ಸಲೀಸಾಗಿ.

ದೊಡ್ಡಮ್ಮ ಹಂಡೆಯನ್ನು ಕೆಳಗಿಟ್ಟಳು. "ನೋಡಮ್ಮಾ" ಎಂದು ಮೃದುವಾಗಿ ಶುರುಮಾಡಿದಳು. ಅವಳ ದನಿ ಹಾಗೆ ಮೃದುವಾದರೆ ಮುಂದೆ ಬರುವ ಮಾತು ಏನೆಂದು ಮೆಲ್ಡಾಗೆ ಗೊತ್ತಿತ್ತು. "ನಾನು ಎಷ್ಟು ದಿನದಿಂದ ಹೇಳ್ಬೇಕು ಅಂತಿದ್ದೆ..."

"ನಾನು!" ಎಂದಳು ಮೆಲ್ಡಾ.

ಎಲ್ಲರೂ ತಿರುಗಿದರು.

"ನಾನು ಕಿತ್ತಿದ್ದು. ಅಜ್ಜಿ ಅಲ್ಲ. ಅದು ನನ್ನ ಬಕೆಟ್. ಅಜ್ಜಿ ಹೇಳಿಕೊಟ್ಟಿದ್ಳು, ನಾನೇ ಕೇಳಿಸ್ಕೊಳ್ಲಿಲ್ಲ. ಅಜ್ಜಿ ಎಲ್ಲಾ ಆರಿಸಿಟ್ಟಿದ್ದಾಳೆ ದೊಡ್ಡಮ್ಮಾ. ಆ ದೊಡ್ಡ ಪಾತ್ರೆಗೆ ಕೈ ಹಾಕಿ ನೋಡು. ಒಂದೇ ಒಂದು ಮುಳ್ಳಿದ್ರೆ ಹೇಳು."

ದೊಡ್ಡಮ್ಮ ಮೊಣಕೈವರೆಗೂ ತೋಳು ಸರಿಸಿ ಪಾತ್ರೆಗೆ ಕೈ ಹಾಕಿದಳು. ತಿರುವಿದಳು. ತಳದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹೊರಳಿಸಿದಳು.

"ಏನೂ ಇಲ್ಲ" ಎಂದಳು ಕೊನೆಗೆ.

"ಇರುತ್ತೆ ಅಂದ್ಕೊಂಡಿದ್ಯಾ?" ಅಜ್ಜಿ ಕೇಳಿದಳು. "ಮುಳ್ಳು ಹುಡುಕೋಕೆ ಕಣ್ಣು ಯಾಕೆ ಬೇಕೇ ವರ್ಲೀನ್, ಬೆರಳಿಲ್ವಾ? ಆ ನೀರಿನ ಕ್ಯಾನಿಗೆ ಮುಳ್ಳಿದ್ದಿದ್ರೆ ಅದನ್ನೂ ನಾಯಿ ಅಂತಿರ್ಲಿಲ್ಲ."

ದೊಡ್ಡಮ್ಮ ತಡೆಯಲಾರದೆ ನಕ್ಕುಬಿಟ್ಟಳು. "ನಿನ್ನೆ ನಾನಂದಿದ್ದು ನಿಂಗೆ ಕೇಳಿಸ್ತಾ?"

"ಕಿವಿ ಚೆನ್ನಾಗೇ ಇದೆ."

ಡರೆಲ್‌ಗೆ ತನ್ನ ಪಾಲು ಬೇಕಿತ್ತು. "ಹಾಗಾದ್ರೆ ಚಿಗುರು ಲೆಕ್ಕಕ್ಕಿಲ್ಲ! ಇವಳದು ಅರ್ಧ ಬಕೆಟ್ಟೂ ಆಗಲ್ಲ! ನಾನೇ ಫಸ್ಟ್! ಚಿಗುರು ರಾಣಿ, ಚಿಗುರು ರಾಣಿ!"

"ಹಾಡು ಸಾಕು, ಸೌದೆ ತಾ" ಎಂದಳು ದೊಡ್ಡಮ್ಮ. "ಮೊದಲು ಆ ಬಾಲ ತೆಗಿ. ಹಾಗೇ ಕೂತೀಯಾ ಎಲ್ಲಾದ್ರೂ."

ಡರೆಲ್ ಹಾಡುತ್ತಲೇ ಸೌದೆಗೆ ಹೋದ. ಮೆಲ್ಡಾಗೆ ಕೋಪ ಬರಬೇಕಿತ್ತು. ಬರಲಿಲ್ಲ.

ಹಂಡೆಯ ನೀರು ಕುದಿಯತೊಡಗಿತು. ಮೊದಲ ಹಿಡಿ ಮೊಗ್ಗು ಬಿದ್ದಾಗ ನೀರು ಹಸಿರಾಗಿ, ಹಸಿ ತರಕಾರಿಯಂಥ ವಾಸನೆ ಚಪ್ಪರದ ತುಂಬ ಹರಡಿತು. ದೊಡ್ಡಮ್ಮ ಈರುಳ್ಳಿ, ಕಾಡುಮೆಣಸಿನಕಾಯಿ ಹೆಚ್ಚಲು ಕೂತಳು. ಮುಂದಿನ ವರ್ಷದ ಮಾತು ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು, ಅಜ್ಜಿಯ ಜರಡಿಯನ್ನು ಒಂದು ಗೇಣು ನೆರಳಿನ ಕಡೆಗೆ ಎಳೆದು ಹೋದಳು. ಅಷ್ಟೇ.

ಅಜ್ಜಿ ಮತ್ತು ಮೆಲ್ಡಾ ಬಿಳಿ ಬೇಸಿನ್ನನ್ನು ಅಂಗಳದಾಚೆಗೆ ಒಯ್ದರು. ಅಜ್ಜಿ ಚಿಗುರುಗಳನ್ನು ಒಂದೇ ಕಡೆ ಸುರಿಯಲಿಲ್ಲ. ಬೇಲಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಎಸೆಯುತ್ತ ಹೋದಳು.

"ಬದುಕ್ತಾವಾ ಅಜ್ಜಿ? ನಾನು ತುಂಬಾ ಉಜ್ಜಿಬಿಟ್ಟೆ."

"ಇದು ಚೋಯಾ ಮಗಾ. ದನದ ಕಾಲಿಗೆ ಅಂಟ್ಕೊಂಡು ಮೈಲಿಗಟ್ಲೆ ಹೋಗಿ, ಬಿದ್ದಲ್ಲಿ ಬೇರು ಬಿಡೋ ಜಾತಿ. ಒಂದೆರಡು ಬದುಕಿಯಾವು. ನೋಡೋಣ."

ಮೆಲ್ಡಾ ಕೊನೆಯ ಚಿಗುರನ್ನು ಎಸೆಯಲಿಲ್ಲ. ಬಗ್ಗಿ, ಮಣ್ಣಿನ ಮೇಲೆ ಮಲಗಿಸಿದಳು. ಅಜ್ಜಿ ಅವಳ ಅಂಟು ಅಂಟಾದ ಕೈಗಳನ್ನು ಹಿಡಿದುಕೊಂಡು, ಒಂದೊಂದೇ ಬೆರಳನ್ನು ತನ್ನ ಬೆರಳಿನಿಂದ ಸವರಿದಳು. ಎರಡು ಕಡೆ ಅವಳ ಬೆರಳು ನಿಂತಿತು. ಎರಡು ಮುಳ್ಳು ಕಿತ್ತಳು. ಮೆಲ್ಡಾಗೆ ಅವು ಇದ್ದದ್ದೇ ಗೊತ್ತಿರಲಿಲ್ಲ.

"ಅದಿರಲಿ" ಎಂದಳು ಅಜ್ಜಿ, ಕೈ ಬಿಡದೆ. "ಬೇಸಿನ್ನು ತಗೊಂಡು ಮರದ ಹಿಂದೆ ಹೋಗಿದ್ದು ಯಾಕೆ?"

ಮೆಲ್ಡಾ ಬೆಟ್ಟದ ಕಡೆಗೆ ನೋಡಿದಳು.

"ಸುಮ್ನೆ" ಎಂದಳು.

ಅಜ್ಜಿ ಮತ್ತೆ ಕೇಳಲಿಲ್ಲ. ಇಬ್ಬರೂ ಖಾಲಿ ಬೇಸಿನ್ನನ್ನು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಚಪ್ಪರಕ್ಕೆ ಮರಳಿದರು.

ಆ ಬೆಳಗ್ಗೆ ತಾನು ಅಜ್ಜಿಯ ಪಕ್ಕದಲ್ಲಿ ಕೂತದ್ದು ಅವಳ ಮೇಲೆ ಕಣ್ಣಿಡಲು, ಮತ್ತು ಸ್ವಲ್ಪ ಹೊತ್ತು ತಾನೂ ಅವಳನ್ನು ನಂಬಿರಲಿಲ್ಲ ಎಂಬುದನ್ನು ಮೆಲ್ಡಾ ಅಜ್ಜಿಗೆ ಯಾವತ್ತೂ ಹೇಳಲಿಲ್ಲ.