ಆರನೇ ರೀಲಿನ ಜಾಯಿಂಟುಗಳು

ಆರನೇ ರೀಲಿನ ಡಬ್ಬಿ ಖಾಲಿಯಾಗಿತ್ತು.

ಕಡಿಯಾಳಿಯ ಸಭಾಂಗಣದಲ್ಲಿ ನಮ್ಮ ಫಿಲ್ಮ್ ಕ್ಲಬ್ಬಿನವರು ಹಳೆಯ ಕಪ್ಪು-ಬಿಳುಪು ಸಸ್ಪೆನ್ಸ್ ಚಿತ್ರ ನೋಡುತ್ತಿದ್ದರು. ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಪರದೆ ಬೆಳ್ಳಗಾಯಿತು.

"ಬಂದದ್ದೇ ಐದು ರೀಲು ಯಶ್ವಂತ್. ನಾನೆಂತ ಮಾಡಲಿ?" ಎಂದರು ಆಪರೇಟರ್ ಕಿಟ್ಟಣ್ಣ.

ನಾನು ಮಣಿಪಾಲದಲ್ಲಿ ಸಿನಿಮಾ ಪಾಠ ಹೇಳುವವನು. ಇಂಟರ್‌ವಲ್‌ನಲ್ಲಿ ದೊಡ್ಡ ಭಾಷಣವನ್ನೇ ಬಿಗಿದಿದ್ದೆ. ನಿರ್ದೇಶಕ ಬೆಳಕನ್ನೆಲ್ಲ ಹೊರಗಿನವನ ಮುಖಕ್ಕೆ ಹಾಕುತ್ತಾನೆ, ಹಾಗಾಗಿ ನೆರಳಲ್ಲಿ ನಿಂತ ಮನೆಯವನನ್ನು ಯಾರೂ ನೋಡುವುದಿಲ್ಲ, ಅಂತ.

ಊರಿಗೆಲ್ಲ ಬುದ್ಧಿ ಹೇಳಿದವನು ಮಾಡಿದ್ದೇನು? ಕಾರ್ಕಳದಿಂದ ರಿಕ್ಷಾದಲ್ಲಿ ರೀಲು ತಂದ ಝಾಕಿರ್ ಕಡೆಗೆ ತಿರುಗಿದೆ.

"ದಾರಿಯಲ್ಲಿ ಎಲ್ಲಿ ನಿಲ್ಲಿಸಿದ್ರಿ?"

"ಎಲ್ಲಿಯೂ ಇಲ್ಲ ಸರ್."

"ಮತ್ತೆ ರೀಲಿಗೆ ಕಾಲು ಬಂತಾ?"

ಜನ ನಕ್ಕರು. ಅಂಗಳದಲ್ಲಿ ನಾಲ್ವರು ಅವನ ರಿಕ್ಷಾದ ಸೀಟು ಎತ್ತಿ ತಡಕಾಡಿದರು. ಸಿಕ್ಕಿದ್ದು ಊಟದ ಬುತ್ತಿ ಮಾತ್ರ. ಸಿನಿಮಾ ನೋಡಲು ಅಪ್ಪನ ಜೊತೆ ಬಂದಿದ್ದ ಝಾಕಿರ್‌ನ ಮಗಳು, ಕಾಲೇಜು ಹುಡುಗಿ ಸಮೀನಾ ಕಂಬದ ಪಕ್ಕ ನಿಂತು ಎಲ್ಲವನ್ನೂ ನೋಡಿದಳು.

*

ಪೊಲೀಸರಿಗೆ ಫೋನ್ ಮಾಡುವ ಮೊದಲು ಪ್ರೊಜೆಕ್ಟರ್ ಕೋಣೆಗೆ ಹೋದೆ. ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಹಳೇ ಆಪರೇಟರುಗಳ ಪದ್ಧತಿ ಅದು. ಶೋಗೆ ಮೊದಲು ಪ್ರತಿ ರೀಲನ್ನೂ ಬೆರಳ ಮೇಲೆ ಹಾಯಿಸಿ, ಕತ್ತರಿಸಿ ಅಂಟಿಸಿದ ಜಾಯಿಂಟುಗಳನ್ನು ಎಣಿಸಿ ಬರೆದಿಡುತ್ತಾರೆ.

ಇವತ್ತಿನ ತಾರೀಖು. ಕೊನೆಯ ಸಾಲು: ಆರನೇ ರೀಲು, ಜಾಯಿಂಟು ನಾಲ್ಕು.

"ಬಾರದ ರೀಲಿನ ಜಾಯಿಂಟು ಎಣಿಸಿದ್ದು ಹೇಗೆ ಕಿಟ್ಟಣ್ಣ?"

ಅವರು ಕುಳಿತುಬಿಟ್ಟರು. ಕೈಚೀಲದಿಂದ ರೀಲು ತೆಗೆದರು. ಪರ್ಸಿನಿಂದ ಬೆರಳುದ್ದದ ಫಿಲ್ಮ್ ತುಂಡೊಂದನ್ನೂ ತೆಗೆದರು. ಅದರಲ್ಲಿ ಮೆಟ್ಟಿಲ ಮೇಲೆ ಕೊಲೆಗಾರನ ನೆರಳು.

"ಹಿಂದೆ ಕಾರ್ಕಳದ ಟಾಕೀಸಿನಲ್ಲಿ ಇದೇ ಪ್ರಿಂಟು ಓಡಿಸುವಾಗ ಈ ಶಾಟನ್ನು ಕತ್ತರಿಸಿಕೊಂಡೆ. ಅಷ್ಟು ಚಂದ ಉಂಟು ಅದು. ಇದೇ ಪ್ರಿಂಟು ಅಂತ ಗೊತ್ತಾದದ್ದು ಚೀಟಿ ಅಂಟಿಸಿದ ಮೇಲೆ, ಆ ಜಾಯಿಂಟನ್ನು ಬೆಳಕಿಗೆ ಹಿಡಿದು ನೋಡಿದಾಗ. ನೀನು ಆ ಶಾಟನ್ನೇ ಎಲ್ಲರಿಗೂ ತೋರಿಸ್ತೇನೆ ಅಂದಿದ್ದಿ. ಮರ್ಯಾದೆ ಹೋಗ್ತದೆ ಅಂತ ಅಡಗಿಸಿದೆ."

"ಝಾಕಿರ್‌ನ ಮರ್ಯಾದೆ?"

"ನೀನೂ ನನ್ನನ್ನು ಕೇಳಲಿಲ್ಲ ಅಲ್ವಾ ಮಾರಾಯ. ಸೀದಾ ಅವನ ಕಡೆಗೇ ತಿರುಗಿದ್ದಿ."

ನಾನು ರೀಲು ಎತ್ತಿಕೊಂಡು ಹೊರಗೆ ಬಂದೆ.

*

ವೇದಿಕೆ ಹತ್ತಿ ಎಲ್ಲವನ್ನೂ ಹೇಳಿದೆ. ಝಾಕಿರ್‌ಗೆ ಕೈಮುಗಿದೆ.

"ನನ್ನದು ಬಿಡಿ ಸರ್. ಮಗಳು ನೋಡಿದ್ದಾಳೆ," ಎಂದ ಝಾಕಿರ್.

ಸಮೀನಾ ರಿಕ್ಷಾದಲ್ಲಿ ಕುಳಿತಿದ್ದಳು. ಕ್ಷಮೆ ಕೇಳಲು ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೆಳಗಿಳಿದಳು. ತಾನೇ ಸೀಟು ಎತ್ತಿ ಹಿಡಿದು, "ಪುನಃ ನೋಡ್ಲಿಕ್ಕುಂಟಾ ಸರ್?" ಎಂದಳು.