ಬೆಳಕಿನ ಹಕ್ಕಿ ಕಳೆದ ಕುರ್ಚಿ

ಆ ಮುಂಜಾನೆ ಠಾಣಾ ಕುಶನೂರಿನಲ್ಲಿ ಮಂಜು ತೊಗರಿ ಹೊಲಗಳಿಂದೆದ್ದು ಕ್ರೈಸ್ತ ದೇವಾಲಯದ ಮೆಟ್ಟಿಲವರೆಗೂ ಬಂದು ಕೂತಿತ್ತು. ಬಿಸಿಲು ಕಿಟಕಿಗೆ ತಾಕಿದಾಗ ನಿವೃತ್ತ ನರ್ಸ್ ಎಡಿತಮ್ಮ ಎಂದಿನಂತೆ ಒಳಗಿನ ಗೋಡೆ ನೋಡಿದರು. ಹಕ್ಕಿ ಇರಲಿಲ್ಲ. ತಿರುಗಿದರೆ— ಪಾದ್ರಿಗಳ ಕುರ್ಚಿಗೆ ತಲೆಯೇ ಇಲ್ಲ. ಎರಡು ಕರಿ ಕಂಬಗಳಷ್ಟೇ, ಯಾರೋ ಕೈಯೆತ್ತಿ ನಿಂತಂತೆ.

ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಮ್ಯಾಕಿಂಟಾಷ್ ರೂಪಿಸಿದ ಕುರ್ಚಿಯ ಚಿತ್ರ ನೋಡಿ ಬಡಿಗ ಸಿಲಾಸನ ಅಜ್ಜ ಅದನ್ನು ಮಾಡಿದ್ದ. ಆಳೆತ್ತರದ ಬೆನ್ನು, ನೆಟ್ಟಗಿನ ಗೆರೆಗಳು, ತುದಿಗೆ ಮೊಟ್ಟೆಯಾಕಾರದ ಹಲಗೆ, ಅದರಲ್ಲಿ ಹಾರುವ ಹಕ್ಕಿಯಂತೆ ಕೊರೆದ ಕಿಂಡಿ. ಆ ದೊರೆಯ ಕೆಲಸದಲ್ಲಿ ಮರಕ್ಕಿರುವಷ್ಟೇ ಬೆಲೆ ಮರವಿಲ್ಲದ ಜಾಗಕ್ಕೂ ಉಂಟು ಎಂದು ಅಜ್ಜ ಹೇಳುತ್ತಿದ್ದನಂತೆ. ಕಿಂಡಿಯಿಂದ ತೂರಿದ ಬಿಸಿಲು ಗೋಡೆಯ ಮೇಲೆ ಹಕ್ಕಿಯಾಗುತ್ತಿತ್ತು. ಆ ಕುರ್ಚಿಯನ್ನು ನೆಲಕ್ಕೆ ಮಲಗಿಸುವುದು ಪಾದ್ರಿ ತೀರಿಕೊಂಡ ದಿನ ಮಾತ್ರ. ಬೇರೆ ದಿನ ಮಲಗಿಸಿದವರ ಮನೆಯಲ್ಲಿ ಮಲಗಿದವರು ಏಳುವುದಿಲ್ಲ ಎಂಬ ಮಾತಿತ್ತು.

ಮಧ್ಯಾಹ್ನದ ಬಸ್ಸಿಗೆ ಔರಾದದಿಂದ ಧೊಂಡಿಬಾ ಬಂದ. ಕುರಿಗಾರರ ಮನೆಯವ, ಪೊಲೀಸ್ ಹವಾಲ್ದಾರನಾಗಿ ನಿವೃತ್ತನಾದವ. ಎಡಿತಮ್ಮನೇ ಕರೆಸಿದ್ದರು. ಸಭೆಯ ಹಿರಿಯರು ಆಗಲೇ ತೀರ್ಪು ಕೊಟ್ಟಾಗಿತ್ತು: ಬೀದರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಕುರ್ಚಿ ಕೇಳಿಕೊಂಡು ಬಂದಿದ್ದ, ಹಲಗೆ ಹಿಡಿದ ಮರದ ಮೊಳೆ ಬಿಚ್ಚಬಲ್ಲವನು ಭಾಲ್ಕಿಯಲ್ಲಿ ಅಂಗಡಿಯಿಟ್ಟ ಸಿಲಾಸನೊಬ್ಬನೇ, ಕದ್ದವನೂ ಅವನೇ. ಹಲಗೆ ಸಿಗದಿದ್ದರೆ ಶನಿವಾರ ಅವನ ಮಗಳು ನಿಸ್ಸಿಯ ಮದುವೆ ಇಲ್ಲಿ ನಡೆಯದು.

ಧೊಂಡಿಬಾ ಚಪ್ಪಲಿ ಬಿಟ್ಟು ಒಳಹೊಕ್ಕ. ಮದುವೆಗೆಂದು ಹಿಂದಿನ ದಿನ ಬಳಿದ ಸುಣ್ಣ ನೆಲಕ್ಕೂ ಚೆಲ್ಲಿ ಒಣಗಿತ್ತು. ಕುರ್ಚಿಯ ಹಿಂದೆ ಆ ಸುಣ್ಣದಲ್ಲಿ ಮೂರು ದುಂಡು ಗುರುತು. ಬಗ್ಗಿ ನೋಡುವಾಗ ತಲೆಯಿಲ್ಲದ ಕುರ್ಚಿ ತನ್ನನ್ನೇ ನೋಡುತ್ತಿದೆ ಎಂದು ಅವನಿಗನಿಸಿತು.

"ಹೋದ ವರ್ಷ ಇದನ್ನ ಹ್ಯಾಂಗ ರಿಪೇರಿ ಮಾಡ್ದಿ?" ಭಾಲ್ಕಿಯಿಂದ ಬಂದು ನಿಂತಿದ್ದ ಸಿಲಾಸನನ್ನು ಕೇಳಿದ.

"ಮಲಗಿಸೇ ಮಾಡ್ದೆರಿ. ಮಂದಿ ಬೈದ್ರು. ನಿಂದ್ರಿಸಿ ಮೊಳಿ ಬಿಚ್ಚಲಾಕ ನಾ ಏನ್ ಒಂಟಿ ಅಷ್ಟ ಎತ್ತರ ಅದೀನೇನ್ರಿ?"

ಗಂಟೆ ಬಾರಿಸುವ ನೋಹ ಬಾಗಿಲಲ್ಲಿ ನಿಂತಿದ್ದ. ಬೀಗದ ಕೈ ಅವನ ಬಳಿಯೂ ಇತ್ತು, ಎಡಿತಮ್ಮನ ಬಳಿಯೂ ಇತ್ತು. ಧೊಂಡಿಬಾ ಅದನ್ನು ಕೇಳಲಿಲ್ಲ.

"ಮಾರ್ಥಾ ವೈನಿ ಹ್ಯಾಂಗಿದ್ದಾರ?" ಎಂದು ಅವನ ಹೆಂಡತಿಯನ್ನು ವಿಚಾರಿಸಿದ.

"ದೀಪಾವಳಿಯಿಂದ ಹಾಸಿಗಿ ಹಿಡ್ದಾಳ್ರಿ."

"ಇಲ್ಲಿ ಎಲ್ಲಿ ಕೂಡ್ತಿದ್ರು?"

ನೋಹ ಹಕ್ಕಿ ಬೀಳುತ್ತಿದ್ದ ಗೋಡೆಯ ಕಡೆ ನೋಡಿದ.

ಮರುದಿನ ಸೂರ್ಯ ಹುಟ್ಟುವ ಮೊದಲೇ ಧೊಂಡಿಬಾ ಎಡಿತಮ್ಮನನ್ನೂ ಸಿಲಾಸನನ್ನೂ ಕರೆದುಕೊಂಡು ಮಂಜಿನಲ್ಲಿ ನಡೆದ. ನೋಹನ ಅಂಗಳದಲ್ಲಿ ನಿಂತು ದನಿ ತಗ್ಗಿಸಿದ.

"ಸಿಲಾಸ ಆಗಿದ್ರ ಮಲಗಿಸಿ ಬಿಚ್ಚತಿದ್ದ. ಇವ ಮುಕ್ಕಾಲಿ ಹತ್ತಿ, ನಿಂತ ಕುರ್ಚಿದೇ ಬಿಚ್ಯಾನ. ದೇವಾಲಯದಾಗ ಮೂರು ಕಾಲಿಂದು ಇರೋದು ಗಂಟಿ ಹಗ್ಗದ ಬುಡಕ ಒಂದೇ. ಕುರ್ಚಿ ಮಲಗಿಸಾಕ ಯಾಕ ಅಂಜಿದ? ಮನ್ಯಾಗ ಮಲಗಿದವರು ಇದ್ದಾರ."

"ಹಲಗಿ ತಗೊಂಡು ಏನ್ ಮಾಡ್ತಾನಣ್ಣಾ?"

"ಹಲಗಿ ಬೇಕಾಗಿದ್ದಿಲ್ಲ ತಂಗಿ. ಕಿಂಡಿ ಬೇಕಾಗಿತ್ತು."

ಬಾಗಿಲು ತೆರೆದೇ ಇತ್ತು. ಕಿಟಕಿಗೆ ಕಟ್ಟಿದ ಹಲಗೆಯ ಹಿಂದೆ ಬಿಸಿಲು ಏರಿತು. ಮಾರ್ಥಾಳ ಎದೆಯ ಮೇಲಿನ ಬಿಳಿ ಚಾದರದಲ್ಲಿ ಹಕ್ಕಿ ಕೂತಿತು. ಅವಳು ಉಸಿರೆಳೆದಾಗ ರೆಕ್ಕೆ ಏರಿತು, ಬಿಟ್ಟಾಗ ಇಳಿಯಿತು. ಯಾರೂ ಒಳಗೆ ಕಾಲಿಡಲಿಲ್ಲ.

"ಒಂದು ಮುಂಜಾನಿಗಂತ ತಂದೆ," ಎಂದ ನೋಹ. "ನಾಳಿಗೂ ಬರ್ತದೇನು ಅಂದ್ಳು. ಹೋದ ವರ್ಷ ನೀ ಮೊಳಿ ಬಿಚ್ಚೋದು ನೋಡಿ ಕಲ್ತಿದ್ದೆ. ನಿನ್ನ ಹೆಸರು ಕೆಡೋದು ನೋಡ್ಕೋತ ಸುಮ್ಮನಿದ್ದೆ ಸಿಲಾಸ. ಹಿರಿಯರ ಮುಂದ ಇವತ್ತೇ ಹೇಳ್ತೇನಿ."

ಸಿಲಾಸ ಹಲಗೆಯನ್ನು ಮುಟ್ಟಲಿಲ್ಲ. ಬಿಸಿಲು ಸರಿದು, ಹಕ್ಕಿ ಚಾದರದ ಅಂಚು ದಾಟಿ ಮಾಯವಾಗುವವರೆಗೂ ಕಾದ.

ಆಮೇಲೆ ನೋಹ ಹಲಗೆ ಬಿಚ್ಚಿ ಅವನ ಕೈಗಿಟ್ಟ. ಅಂಗಿಯ ಕಿಸೆಗೆ ಕೈ ಹಾಕಿ, ನಾಲ್ಕು ಮರದ ಮೊಳೆಗಳನ್ನೂ ಒಂದೊಂದಾಗಿ ಅದರ ಮೇಲಿಟ್ಟ.